ಪರದೇಶದ ಪೆಟ್ಟಿಗೆ ಊರಿಗೆ ಬಂದ ದಾರಿ

ಬೈಕಂಪಾಡಿಯಲ್ಲಿ ಹೆದ್ದಾರಿಯ ಬದಿಗೆ ಹತ್ತು ನಿಮಿಷ ನಿಂತರೆ ಸಾಕು, ಕಂಟೈನರ್ ಹೊತ್ತ ಲಾರಿಗಳು ಒಂದರ ಹಿಂದೊಂದು ಹಾದುಹೋಗುವುದನ್ನು ನೋಡಬಹುದು. ಕಾಫಿ, ಗೇರುಬೀಜದ ತಿರುಳು, ಇನ್ನೂ ಏನೇನೋ ಸರಕು ಈ ಉಕ್ಕಿನ ಪೆಟ್ಟಿಗೆಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗಿ, ಅಲ್ಲಿಂದ ಸಮುದ್ರ ದಾಟುತ್ತದೆ. ಬಂದರು ಇಲ್ಲಿಂದ ಕೂಗಳತೆಯ ದೂರ. ರಾತ್ರಿ ಹಡಗಿನ ದೀಪಗಳು ಕಡಲಕರೆಯ ಮನೆಗಳ ಅಂಗಳಕ್ಕೆ ಕಾಣುತ್ತವೆ.

ಇದೇ ಬೈಕಂಪಾಡಿಯ ಒಂದು ಮನೆಯ ಅಟ್ಟದ ಮೇಲೆ ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆಯೊಂದಿದೆ. ಮನೆ ನನ್ನ ಸೋದರಮಾವನದು. ಪೆಟ್ಟಿಗೆಯ ನಾಲ್ಕೂ ಬದಿಗೆ ಕಪ್ಪು ಬಣ್ಣದಲ್ಲಿ ಅವರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅದರ ಕೆಳಗೆ 'ಮಂಗಳೂರು, ವಯಾ ಬಾಂಬೆ' ಎಂದು ಬರೆದಿದೆ. 1999ರಲ್ಲಿ ಶಾರ್ಜಾದ ಕೆಲಸ ಬಿಟ್ಟು ಬರುವಾಗ ಅವರು ಕಳಿಸಿದ ಪೆಟ್ಟಿಗೆ ಅದು. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಲಾರಿ ಹತ್ತಿ, ಗೋವೆ, ಕಾರವಾರ, ಕುಂದಾಪುರ ದಾಟಿ, ಬಂದರಿನ ದೀಪ ಕಾಣುವ ಈ ಮನೆಗೆ ರಸ್ತೆಯ ಮೂಲಕ ಬಂತು. ಚಿಕ್ಕವಳಿದ್ದಾಗ ಆ 'ವಯಾ ಬಾಂಬೆ' ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಕಡಲ ಬದಿಯ ಮನೆಗೆ ಕಡಲಿನಿಂದ ಬರಬೇಕಾದ ಸಾಮಾನು ಇಷ್ಟು ಸುತ್ತಿ ಬಂದದ್ದೇಕೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಕರಾವಳಿಯ ಒಂದು ದೊಡ್ಡ ಕಥೆಯೇ ಬಿಚ್ಚಿಕೊಳ್ಳುತ್ತದೆ. ದುಡಿಯಲು ಹೊರಗೆ ಹೋದವರ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಅವರು ಮರಳಿ ಬರುವಾಗ ಏನು ತಂದರು, ಹೇಗೆ ತಂದರು, ಏನನ್ನು ಬಿಟ್ಟು ಬಂದರು ಎಂಬುದು ಅಷ್ಟಾಗಿ ದಾಖಲಾಗಿಲ್ಲ.

ಹಾಗೆಂದು ದಾಖಲೆಯೇ ಇಲ್ಲವೆಂದಲ್ಲ. ಮಂಗಳೂರಿನ ಮಟ್ಟಿಗೆ ಈ ಬಗೆಯ ಅತ್ಯಂತ ಹಳೆಯ ಕಾಗದ ಸುಮಾರು ಒಂಬತ್ತು ಶತಮಾನಗಳಷ್ಟು ಹಿಂದಿನದು. ಆಗ ಪರದೇಶವಾಗಿದ್ದುದು ನಮ್ಮ ಊರು, ಗಂಟು ಕಟ್ಟಿ ಹೊರಟವನು ಪರದೇಶಿ. ಇಂದಿನ ಟುನೀಶಿಯಾದ ಮಹದಿಯಾ ಊರಿನ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1130ರ ದಶಕದಲ್ಲಿ ಮಂಗಳೂರಿಗೆ ಬಂದು ನೆಲೆಸಿದ. ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡಿದ. ಇಲ್ಲೇ ಕಂಚಿನ ಪಾತ್ರೆ ಎರಕ ಹೊಯ್ಯುವ ಕಾರ್ಖಾನೆಯನ್ನೂ ನಡೆಸಿದ. ಏಡನ್‌ನ ಗೆಳೆಯರು ತಮ್ಮ ಹಳೆಯ, ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಮಂಗಳೂರಿಗೆ ಕಳಿಸಿ ಹೊಸದಾಗಿ ಎರಕ ಹೊಯ್ಯಿಸಿಕೊಳ್ಳುತ್ತಿದ್ದರು ಎಂದರೆ ಸಾಗಣೆ ಎಷ್ಟು ಸಲೀಸಾಗಿತ್ತು ಎಂದು ಊಹಿಸಬಹುದು. ಅಶು ಎಂಬ ಈ ನೆಲದ ಹೆಣ್ಣಿನೊಡನೆ ಅವನು ಸಂಸಾರ ಹೂಡಿದ್ದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟು ಮಕ್ಕಳೊಂದಿಗೆ ಏಡನ್ ಸೇರಿದ. ಮಕ್ಕಳು, ಸೊತ್ತು ಎಲ್ಲ ಕ್ಷೇಮವಾಗಿ ಬಂದು ತಲುಪಿವೆ ಎಂದು ಅಲ್ಲಿಂದ ತಮ್ಮನಿಗೆ ಪತ್ರ ಬರೆದ. ಕೈರೋದ ಯಹೂದಿ ಮಂದಿರವೊಂದರ ಹಳೆಯ ಕಾಗದಗಳ ರಾಶಿಯಲ್ಲಿ ಅವನ ಈ ಪತ್ರಗಳು ಉಳಿದುಕೊಂಡವು. ಅವುಗಳ ಜೊತೆಗೆ ಇನ್ನೊಂದು ಕಾಗದವೂ ಸಿಕ್ಕಿತು. ಭಾರತದಲ್ಲಿದ್ದಾಗ, ಹಡಗು ಹತ್ತುವ ಮುನ್ನ ಅವನೇ ಕೈಯಾರೆ ಬರೆದುಕೊಂಡ ಸಾಮಾನಿನ ಪಟ್ಟಿ! ರತ್ನ, ರೇಷ್ಮೆಗಳನ್ನು ಹುಡುಕುವವರಿಗೆ ಅದರಿಂದ ನಿರಾಸೆಯಾದೀತು. ಮನೆಬಳಕೆಯ ಪಾತ್ರೆ ಪರಡಿ ಮತ್ತು ದಾರಿಯ ಊಟದ ವಸ್ತುಗಳೇ ಅದರ ತುಂಬ ಇವೆ. ಆ ಒಂದು ಪಟ್ಟಿಯನ್ನು ಹಿಡಿದು ಎಲಿಜಬೆತ್ ಲ್ಯಾಂಬೋರ್ನ್ ಎಂಬ ವಿದ್ವಾಂಸೆ 2018ರಲ್ಲಿ ಇಡೀ ಗ್ರಂಥ ಪ್ರಕಟಿಸಿದರು. ಊರು ಬಿಡುವವನು ಮೊದಲು ಪಟ್ಟಿ ಮಾಡುತ್ತಾನೆ. ಈ ಅಭ್ಯಾಸ ಅಂದಿಗೂ ಇಂದಿಗೂ ಬದಲಾಗಿಲ್ಲ. ನನ್ನ ಮಾವನ ಪಟ್ಟಿ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿತ್ತಂತೆ. ಅದನ್ನು ಯಾರೂ ಜೋಪಾನ ಮಾಡಲಿಲ್ಲ.

ಆ ಕಾಲದ ವರ್ತಕರು ತಮ್ಮ ಸೊತ್ತನ್ನು ಒಂದೇ ಹಡಗಿಗೆ ಹಾಕುತ್ತಿರಲಿಲ್ಲ. ಎರಡು ಮೂರು ಹಡಗುಗಳಿಗೆ ಹಂಚುತ್ತಿದ್ದರು. ಒಂದು ಮುಳುಗಿದರೂ ಇನ್ನೊಂದು ದಡ ಸೇರಲಿ ಎಂಬ ಲೆಕ್ಕ. ಪರಿಚಯದವರು ಹೊರಟರೆ ಅವರ ಕೈಯಲ್ಲಿ ಒಂದು ಗಂಟು ಕಳಿಸುವ ಪದ್ಧತಿಯೂ ಇತ್ತು. ಬಾಡಿಗೆ ಉಳಿಸಲು ಮನುಷ್ಯ ಕಂಡುಕೊಂಡ ಮೊದಲ ಉಪಾಯ ಬಹುಶಃ ಇದೇ ಇರಬೇಕು. ಇಂದಿಗೂ ದುಬೈಯಿಂದ ಬಜಪೆಗೆ ಹೊರಟವನ ಸೂಟ್‌ಕೇಸಿನಲ್ಲಿ ಪಕ್ಕದ ಮನೆಯವರ ಎರಡು ಕಿಲೋ ಇದ್ದೇ ಇರುತ್ತದೆ.

ಇನ್ನು ಕೊಲ್ಲಿ ದೇಶಗಳ ಕಥೆ. ತೈಲದ ಹಣ ಹರಿಯುವ ಮುಂಚೆಯೇ ಅಲ್ಲಿಗೂ ನಮಗೂ ಹಡಗಿನ ಸಂಪರ್ಕ ಗಟ್ಟಿಯಾಗಿತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ 1862ರಲ್ಲೇ ಮುಂಬಯಿ ಕಡೆಯಿಂದ ಕೊಲ್ಲಿಗೆ ಅಂಚೆ ಹಡಗು ಓಡಿಸಲು ಆರಂಭಿಸಿತ್ತು. ಎರಡನೇ ಮಹಾಯುದ್ಧದ ನಂತರ ದುಮ್ರಾ, ದ್ವಾರಕಾ, ದಾರಾ, ದರೇಸಾ ಎಂಬ ನಾಲ್ಕು ಹಡಗುಗಳು ಮುಂಬಯಿ ಮತ್ತು ಬಸ್ರಾ ನಡುವೆ, ದಾರಿಯ ಬಂದರುಗಳನ್ನು ಮುಟ್ಟುತ್ತಾ ಸಂಚರಿಸಿದವು. ಕರಾವಳಿಯಿಂದ ಹೋದವರು ಮೊದಲು ಮುಂಬಯಿ ಸೇರಿ, ಅಲ್ಲಿ ಊರಿನವರ ಖೋಲಿಯಲ್ಲಿ ಉಳಿದು, ಡೆಕ್ ಟಿಕೇಟು ಕೊಂಡು ಹತ್ತುತ್ತಿದ್ದರು. ಡೆಕ್ ಎಂದರೆ ಹಾಸಿಗೆ ನಿಮ್ಮದೇ, ಜಾಗ ಸಿಕ್ಕಿದಲ್ಲಿ. ತಲೆಯ ಬಳಿ ಟ್ರಂಕು, ಅದರ ಮೇಲೆ ಒಂದು ಕೈ.

ಸಾಮಾನು ಸಾಗಿಸುವವರಿಗೆ ಇದರಷ್ಟು ಸುಲಭದ ವ್ಯವಸ್ಥೆ ಮತ್ತೆ ಬರಲಿಲ್ಲ. ಮನುಷ್ಯನೂ ಸಾಮಾನೂ ಒಂದೇ ಹಡಗಿನಲ್ಲಿ, ಒಂದೇ ದಿನ ಬಂದು ಇಳಿಯುತ್ತಿದ್ದವು. ಅಂದಿನ ಕೊಲ್ಲಿ ನಾಡುಗಳಲ್ಲಿ ಚಲಾವಣೆಯಲ್ಲಿದ್ದುದೂ ರೂಪಾಯಿಯೇ. ಚಿನ್ನದ ಕಳ್ಳಸಾಗಣೆ ತಡೆಯಲೆಂದು 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಪ್ರತ್ಯೇಕ 'ಗಲ್ಫ್ ರೂಪಾಯಿ' ಹೊರಡಿಸಿತ್ತು. ಕುವೈತ್ 1961ರಲ್ಲಿ ಅದನ್ನು ಕೈಬಿಟ್ಟಿತು, ದುಬೈ ಕಡೆ ಅದು 1966ರವರೆಗೂ ಓಡಿತು.

ಈ ದಾರಿಗೆ ಬಿದ್ದ ದೊಡ್ಡ ಪೆಟ್ಟು ದಾರಾ ಹಡಗಿನದು. ಬಸ್ರಾದಿಂದ ಮರಳುತ್ತಿದ್ದ ಆ ಹಡಗು 1961ರ ಏಪ್ರಿಲ್ 7ರಂದು ದುಬೈ ಮುಟ್ಟಿತು. ಬಿರುಗಾಳಿ ಎದ್ದಿದ್ದರಿಂದ ಲಂಗರು ಎತ್ತಿ ಸಮುದ್ರದ ಕಡೆ ಸರಿಯಿತು. ಬೀಳ್ಕೊಡಲು, ಸರಕು ಇಳಿಸಲು ಹತ್ತಿದವರು ಕೂಡ ಹಡಗಿನಲ್ಲೇ ಉಳಿದುಬಿಟ್ಟರು. ಮರುದಿನ ಬೆಳಗಿನ ಜಾವ ಸ್ಫೋಟವಾಗಿ ಬೆಂಕಿ ಹಬ್ಬಿತು. 238 ಜನ ಸತ್ತರು. ಆದರೂ ಉಳಿದ ಹಡಗುಗಳು ನಿಲ್ಲಲಿಲ್ಲ, ಜನ ಹತ್ತುವುದೂ ನಿಲ್ಲಲಿಲ್ಲ. ಕೊನೆಯದಾಗಿ ಉಳಿದಿದ್ದ ದ್ವಾರಕಾ 1982ರಲ್ಲಿ ಸೇವೆಯಿಂದ ನಿವೃತ್ತಿಯಾಯಿತು.

ಅಷ್ಟರಲ್ಲಿ ವಿಮಾನದ ಯುಗ ಬಂದಿತ್ತು. ಮನುಷ್ಯ ಮೂರು ಗಂಟೆಯಲ್ಲಿ ಮುಂಬಯಿಗೆ ಬಂದಿಳಿದ. ಸಾಮಾನು ಹಿಂದೆ ಉಳಿಯಿತು. ನಮ್ಮ ಕಥೆಯ ತೊಡಕು ಆರಂಭವಾಗುವುದು ಇಲ್ಲಿಂದ. ಮಂಗಳೂರಿಗೆ 1951ರಿಂದಲೇ ವಿಮಾನ ನಿಲ್ದಾಣವಿದ್ದರೂ ಬಜಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯವರೆಗೆ ಮುಂಬಯಿಯಲ್ಲಿ ಇಳಿದು, ಕಸ್ಟಮ್ಸ್ ಮುಗಿಸಿ, ಊರಿನ ಬಸ್ಸಿಗೆ ಕಾಯುವುದು ಮಾಮೂಲು. ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದ್ದು 1998ರಲ್ಲಿ. ಅದಕ್ಕೆ ಮೊದಲು ರಾತ್ರಿ ಬಸ್ಸುಗಳ ಮಾಡಿನ ಮೇಲೆ ತಾಡಪತ್ರಿ ಹೊದ್ದ ರಟ್ಟಿನ ಪೆಟ್ಟಿಗೆಗಳ ಗುಡ್ಡವೇ ಊರಿಗೆ ಬರುತ್ತಿತ್ತು.

ಆ ಪೆಟ್ಟಿಗೆಗಳಲ್ಲಿ ಏನಿರುತ್ತಿತ್ತು ಎಂಬುದನ್ನು ಆಸೆಯಷ್ಟೇ ತೀರ್ಮಾನಿಸುತ್ತಿರಲಿಲ್ಲ. ಸರಕಾರದ ಆಮದು ನೀತಿಯೂ ತೀರ್ಮಾನಿಸುತ್ತಿತ್ತು. 1991ಕ್ಕೆ ಮೊದಲು ಪರದೇಶದ ಟೇಪ್‌ರೆಕಾರ್ಡರ್, ವಿಸಿಆರ್ ಮುಂತಾದವುಗಳನ್ನು ಅಂಗಡಿಯವರು ಸುಲಭವಾಗಿ ತರಿಸುವಂತಿರಲಿಲ್ಲ. ಪ್ರಯಾಣಿಕ ಹೊತ್ತು ತಂದರೆ ಉಂಟು, ಇಲ್ಲವಾದರೆ ಇಲ್ಲ. 1991ರ ಜುಲೈ ಬಜೆಟ್ಟಿನಲ್ಲಿ ಮನಮೋಹನ ಸಿಂಗ್ ಗರಿಷ್ಠ ಆಮದು ಸುಂಕವನ್ನು ಶೇ. 150ಕ್ಕೆ ಇಳಿಸಿದಾಗ ದೇಶವೇ ಹುಬ್ಬೇರಿಸಿತು. ಆದರೆ ಆ ಮಿತಿಯಿಂದ ಹೊರಗೆ ಉಳಿದ ಎರಡು ಬಾಬತ್ತುಗಳಲ್ಲಿ ಒಂದು ಮದ್ಯ, ಇನ್ನೊಂದು ಪ್ರಯಾಣಿಕರ ಸಾಮಾನು! ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಮರಳಿ ಬಂದವರಿಗೆ ಅಷ್ಟೇನೂ ಹಿತವಾಗಿರಲಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ 'ವಯಾ ಬಾಂಬೆ' ಪ್ರಶ್ನೆಗೆ ಬರೋಣ. ನವಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಬಂದರಿಗಾಗಿ ಜಾಗ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರದ ಪುನರ್ವಸತಿ ಕಾಲನಿಗಳಿಗೆ ಹೋದರು. ಸಾಮಾನು ಕಟ್ಟಿ ಮನೆ ಬಿಡುವುದೆಂದರೇನೆಂದು ತಿಳಿಯಲು ಈ ಭಾಗದ ಜನ ಪರದೇಶಕ್ಕೇ ಹೋಗಬೇಕಿರಲಿಲ್ಲ. ಹೀಗೆ ಎದ್ದ ಬಂದರು ಮುಖ್ಯವಾಗಿ ರಾಶಿ ಸರಕಿನದು. ಕುದುರೆಮುಖದ ಅದಿರು, ರಸಗೊಬ್ಬರದ ಕಚ್ಚಾ ವಸ್ತು, ಮುಂದೆ ಕಚ್ಚಾ ತೈಲ, ಕಲ್ಲಿದ್ದಲು. ಇಂತಹ ಬಂದರಿಗೆ ಒಬ್ಬ ವೆಲ್ಡರನ ಒಂದು ಪೆಟ್ಟಿಗೆ ಬರಬೇಕಾದರೆ ಅದಕ್ಕೆ ಬೇರೆಯೇ ಒಂದು ವ್ಯವಸ್ಥೆ ಬೇಕು.

ಆ ವ್ಯವಸ್ಥೆಯ ಹೆಸರು ಕಂಟೈನರ್. 1956ರ ಏಪ್ರಿಲ್‌ನಲ್ಲಿ ಮಾಲ್ಕಂ ಮ್ಯಾಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಕಳಿಸಿದ. ಕೂಲಿಗಳು ಬಿಡಿ ಸರಕನ್ನು ಹೊತ್ತು ತುಂಬಿದರೆ ಟನ್ನಿಗೆ 5.86 ಡಾಲರ್ ಆಗುತ್ತಿದ್ದ ವೆಚ್ಚ ಹೊಸ ಪದ್ಧತಿಯಲ್ಲಿ 16 ಸೆಂಟಿಗೆ ಇಳಿಯಿತೆಂದು ಲೆಕ್ಕ. ಆದರೆ ಈ ಅಗ್ಗದಲ್ಲಿ ಒಂದು ಷರತ್ತು ಅಡಗಿದೆ, ಪೆಟ್ಟಿಗೆ ತುಂಬಬೇಕು. ಇಪ್ಪತ್ತು ಅಡಿಯ ಕಂಟೈನರಿನೊಳಗೆ ಸುಮಾರು 33 ಘನ ಮೀಟರ್ ಜಾಗವಿದೆ. ಮರಳಿ ಬರುವ ಒಂಟಿ ಕೆಲಸಗಾರನ ಸಾಮಾನು ಒಂದು ಘನ ಮೀಟರ್ ಆದರೆ ಹೆಚ್ಚು. ಆದ್ದರಿಂದ ಕಾರ್ಗೊದವರು ಹತ್ತಾರು ಜನರ ಸಾಮಾನನ್ನು ಒಟ್ಟು ಮಾಡಿ ಒಂದು ಕಂಟೈನರ್ ತುಂಬುತ್ತಾರೆ. ಬಾಡಿಗೆ ಎಲ್ಲರಿಗೂ ಹಂಚಿಹೋಗುತ್ತದೆ. ಎಲ್ಲರ ಸಾಮಾನೂ ಒಂದೇ ಬಂದರಿಗೆ ಹೋಗುವುದಾದರೆ ಮಾತ್ರ ಇದು ನಡೆಯುತ್ತದೆ. ಮುಂಬಯಿಗೆ, ಕೊಚ್ಚಿಗೆ ಹೋಗುವ ಕಂಟೈನರ್ ಬೇಗ ತುಂಬುತ್ತಿತ್ತು. ಮಂಗಳೂರಿನದು ತುಂಬಲು ಎಷ್ಟು ವಾರ ಕಾಯಬೇಕೋ! ಬಾಡಿಗೆ ಕಡಿಮೆ ಬೇಕೆಂದವನ ಪೆಟ್ಟಿಗೆ ಹೆಚ್ಚು ಜನರಿರುವ ದಾರಿಯನ್ನೇ ಹಿಡಿಯಬೇಕಾಯಿತು. ಈಗ ಪಣಂಬೂರಿನ 14ನೇ ಬರ್ತಿನಲ್ಲಿ ಯಂತ್ರಗಳಿಂದ ನಡೆಯುವ ಕಂಟೈನರ್ ಟರ್ಮಿನಲ್ ಇದೆ. ಅದರ ಜೀವಾಳವೂ ಕಾಫಿ, ಗೇರಿನಂತಹ ವ್ಯಾಪಾರದ ಸರಕೇ.

ವಿಮಾನದಲ್ಲಿ ಕಳಿಸಿದರೆ ಹೇಗೆ? ಇಲ್ಲಿ ಹೆಚ್ಚಿನವರು ಎಡವುವುದು ತೂಕದ ಲೆಕ್ಕದಲ್ಲಿ. ವಿಮಾನದವರು ತಕ್ಕಡಿಯನ್ನಷ್ಟೇ ನಂಬುವುದಿಲ್ಲ, ಅಳತೆ ಟೇಪನ್ನೂ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಕಿಲೋ ಎಂದು ಎಣಿಸಿ, ಅದೂ ನಿಜವಾದ ತೂಕವೂ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಕೇಳುತ್ತಾರೆ. ಕೆಲವು ಕೊರಿಯರ್ ಕಂಪನಿಗಳು 5000ದಿಂದ ಭಾಗಿಸುವುದರಿಂದ ಅಲ್ಲಿ ಇನ್ನೂ ಹೆಚ್ಚು. ಗಲ್ಫಿನಿಂದ ಬಂದವರ ಮನೆಯಲ್ಲೆಲ್ಲ ಕಾಣುವ ಹೂವಿನ ಚಿತ್ತಾರದ ದಪ್ಪ ಕಂಬಳಿಯನ್ನೇ ತೆಗೆದುಕೊಳ್ಳಿ. ಅಂತಹ ಮೂರನ್ನು 75, 50, 50 ಸೆಂಟಿಮೀಟರಿನ ಪೆಟ್ಟಿಗೆಗೆ ತುಂಬಿದರೆ ತಕ್ಕಡಿಯಲ್ಲಿ ಹನ್ನೆರಡು ಹದಿಮೂರು ಕಿಲೋ ಬರಬಹುದು. ವಿಮಾನದ ಲೆಕ್ಕದಲ್ಲಿ ಅದು 31 ಕಿಲೋ. ಅದೇ 50, 30, 30ರ ಸಣ್ಣ ಪೆಟ್ಟಿಗೆಗೆ ಕಬ್ಬಿಣದ ಹತ್ಯಾರು ತುಂಬಿದರೆ ಅಳತೆಯ ಲೆಕ್ಕದಲ್ಲಿ ಬರೇ ಏಳೂವರೆ ಕಿಲೋ, ತಕ್ಕಡಿಯಲ್ಲಿ ನಲವತ್ತು. ಆಗ ನಲವತ್ತಕ್ಕೇ ದುಡ್ಡು.

ಹಡಗಿನ ಲೆಕ್ಕ ಬೇರೆ. ಅಲ್ಲಿ ಒಂದು ಘನ ಮೀಟರಿಗೆ ಒಂದು ಟನ್ ತೂಕದವರೆಗೂ ಜಾಗದ ಬಾಡಿಗೆ ಮಾತ್ರ. ಹತ್ಯಾರು, ಪುಸ್ತಕ, ಪಾತ್ರೆಗಳಂತಹ ಭಾರದ ವಸ್ತುಗಳಿಗೆ ಹಡಗಿನಷ್ಟು ಅಗ್ಗ ಇನ್ನೊಂದಿಲ್ಲ. ಆದರೆ ಕನಿಷ್ಠ ಒಂದು ಘನ ಮೀಟರಿನ ದರ ಹಾಕುವ ವಾಡಿಕೆ ಇರುವುದರಿಂದ ತೀರಾ ಸಣ್ಣ ಪೆಟ್ಟಿಗೆಗೆ ಲಾಭವಿಲ್ಲ. ಗಲ್ಫಿನ ಕಾರ್ಗೊ ಅಂಗಡಿಗಳು ಜನರಿಗೆ ಅರ್ಥವಾಗಲೆಂದು ಹಡಗಿನ ಸಾಮಾನಿಗೂ ಕಿಲೋ ಲೆಕ್ಕವನ್ನೇ ಹೇಳುವುದುಂಟು. ಭಾರ ಹೆಚ್ಚು, ಗಾತ್ರ ಕಡಿಮೆ ಇರುವವನಿಗೆ ಆ ಲೆಕ್ಕ ನಷ್ಟದ್ದು. ಕಂಬಳಿಯಂತಹ ಹಗುರ, ದೊಡ್ಡ ವಸ್ತುವಿಗೆ ಎರಡು ದಾರಿಯೂ ದುಬಾರಿ. ಅದನ್ನು ಅಲ್ಲೇ ಕೊಟ್ಟು ಬರುವುದು ಜಾಣತನ. ಈ ಮಾತನ್ನು ನಮ್ಮ ಅತ್ತೆಯಂದಿರ ಎದುರು ಹೇಳುವ ಧೈರ್ಯ ನನಗಿಲ್ಲ. ಕಾರು ತರುವ ಆಲೋಚನೆಯನ್ನಂತೂ ಬಿಡುವುದೇ ಲೇಸು. ಸುಂಕದ ಮಾತು ಹಾಗಿರಲಿ, ಅಲ್ಲಿನ ಕಾರುಗಳ ಸ್ಟಿಯರಿಂಗ್ ಎಡಗಡೆ ಇರುತ್ತದೆ.

ಓದಲು ಹೋಗಿ ಮರಳುವವರ ಮುಖ್ಯ ಹೊರೆ ಪುಸ್ತಕ. ಅದಕ್ಕೆ ಅಂಚೆಯವರಲ್ಲಿ ಒಳ್ಳೆಯ ಅನುಕೂಲವಿತ್ತು. ಅಚ್ಚಾದ ಕಾಗದವನ್ನಷ್ಟೇ ಒಂದು ಚೀಲಕ್ಕೆ ತುಂಬಿ ಒಂದೇ ವಿಳಾಸಕ್ಕೆ ಕಳಿಸುವ 'ಎಂ ಬ್ಯಾಗ್'. ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ ಬಂದರೂ ಬೆಲೆ ಅಗ್ಗ. ಅಮೆರಿಕದ ಅಂಚೆ ಇಲಾಖೆ 2007ರಲ್ಲಿ ಪರದೇಶಗಳಿಗೆ ಹಡಗಿನ ಅಂಚೆಯನ್ನೇ ನಿಲ್ಲಿಸಿದ ಮೇಲೆ ಅಲ್ಲಿಂದ ಬರುವವರಿಗೆ ಆ ದಾರಿ ಮುಚ್ಚಿತು.

ಬಾಡಿಗೆಗಿಂತ ಹೆಚ್ಚು ಜನರನ್ನು ಗೋಳು ಹೊಯ್ದುಕೊಂಡದ್ದು ಕಾಗದಪತ್ರ. ಒಂದೇ ಪೆಟ್ಟಿಗೆಗೆ ಕಾನೂನಿನ ಕಣ್ಣಿನಲ್ಲಿ ಎರಡು ಜಾತಕಗಳಿರಬಹುದು. ಮರಳಿ ಬರುವವನು ತನ್ನದೇ ವಸ್ತುಗಳನ್ನು ಕಳಿಸಿದರೆ ಅದು 'ಜೊತೆಯಲ್ಲಿ ಬಾರದ ಸಾಮಾನು'. ಅಲ್ಲೇ ಇದ್ದು ಮನೆಯವರಿಗೆ ಕಳಿಸಿದರೆ ಉಡುಗೊರೆ. ಮನೆ ಬಾಗಿಲಿಗೇ ತಲುಪಿಸುವ ಗಲ್ಫಿನ ಕಾರ್ಗೊ ವ್ಯವಹಾರಕ್ಕೆ ಈ ಎರಡನೇ ಜಾತಕವೇ ಆಧಾರವಾಗಿತ್ತು. 20,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಯಾದಾಗ ಇಲ್ಲವಾಗಿ, ಆ ವ್ಯಾಪಾರವೇ ಕೆಲಕಾಲ ತತ್ತರಿಸಿತು. 2019ರ ಡಿಸೆಂಬರಿನಲ್ಲಿ ಉಡುಗೊರೆಯ ಹೆಸರಿನ ಸುಂಕರಹಿತ ಆಮದಿಗೆ ಕೇಂದ್ರ ಸರಕಾರ ತಡೆ ಹಾಕಿತು. ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗೆ ಮಾತ್ರ ವಿನಾಯಿತಿ ಉಳಿಯಿತು.

ಮೊದಲನೇ ಜಾತಕದವರಿಗೆ ಅನುಕೂಲವೂ ಉಂಟು, ಗಡುವೂ ಉಂಟು. 2016ರ ಬ್ಯಾಗೇಜ್ ನಿಯಮಗಳ ಪ್ರಕಾರ ಎರಡು ವರ್ಷ ಅಥವಾ ಹೆಚ್ಚು ಕಾಲ ಹೊರಗಿದ್ದು ವಾಸ ಬದಲಾಯಿಸಿ ಬರುವವರಿಗೆ ಮನೆಬಳಕೆ ವಸ್ತುಗಳ ಮೇಲೆ 5 ಲಕ್ಷ ರೂಪಾಯಿವರೆಗೆ ವಿನಾಯಿತಿ ಇಡಲಾಗಿತ್ತು. ಆ ಎರಡು ವರ್ಷಗಳಲ್ಲಿ ಊರಿಗೆ ಬಂದು ಹೋದ ರಜೆಗಳೆಲ್ಲ ಸೇರಿ ಆರು ತಿಂಗಳು ಮೀರಬಾರದು. ಸಾಮಾನು ಪ್ರಯಾಣಿಕನಿಗಿಂತ ಎರಡು ತಿಂಗಳು ಮೊದಲು ಬಂದಿಳಿಯಬಹುದು. ಹಿಂದಿನಿಂದ ಬರುವುದಾದರೆ ಅವನು ಇಳಿದ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕು. ಈ ಮೊತ್ತ, ಷರತ್ತುಗಳು ಆಗಾಗ ಬದಲಾಗುತ್ತವೆ. ಹಿಂದಿನ ವರ್ಷ ಬಂದ ಗೆಳೆಯನ ಮಾತು ನಂಬಿ ಪೆಟ್ಟಿಗೆ ಕಟ್ಟಿದವರು ಪೇಚಿಗೆ ಸಿಲುಕಿದ್ದುಂಟು. 2013ರಲ್ಲಿ ಹಾಗೆಯೇ ಆಯಿತು. ಡಾಲರಿನೆದುರು ರೂಪಾಯಿ ಕುಸಿಯುತ್ತಿದ್ದ ಆ ಆಗಸ್ಟಿನಲ್ಲಿ ಸರಕಾರ ಚಪ್ಪಟೆ ಟಿವಿಗಳ ಸುಂಕ ವಿನಾಯಿತಿ ತೆಗೆದುಹಾಕಿತು. 26ನೇ ತಾರೀಕಿನಿಂದ ಟಿವಿ ತಂದವರೆಲ್ಲ ಶೇ. 36ರಷ್ಟು ಸುಂಕ ಕಟ್ಟಬೇಕಾಯಿತು. ರಜೆಗೆಂದು ಮೊದಲೇ ಟಿವಿ ಕೊಂಡಿಟ್ಟಿದ್ದವರ ಸಂಕಟ ಹೇಳತೀರದು.

ಮಾವನ ಪೆಟ್ಟಿಗೆ ಬಂದದ್ದು 1998ರ ನಿಯಮಗಳ ಕಾಲದಲ್ಲಿ. ಆ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ಕಸುಬಿನ ಉಪಕರಣ ಎಂದರೇನು ಎಂದು ವಿವರಿಸುವಾಗ ಅದು ಬಡಗಿ, ಪ್ಲಂಬರ್, ವೆಲ್ಡರ್, ಗಾರೆ ಕೆಲಸದವ ಎಂದು ಹೆಸರಿಸಿ, ಇಂತಹವರು ಕಸುಬಿಗೆ ಬೇಕಾಗಿ ತರುವ ಸಾಧನಗಳಿಗೆ ಒಂದು ಮಿತಿಯವರೆಗೆ ವಿನಾಯಿತಿ ಕೊಟ್ಟಿತು. ಕ್ಯಾಮೆರಾ, ಕ್ಯಾಸೆಟ್ ರೆಕಾರ್ಡರ್, ಕಂಪ್ಯೂಟರ್, ಟೈಪ್‌ರೈಟರ್ ಅದರಲ್ಲಿ ಸೇರುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಅಂದರೆ ನನ್ನಂತಹ ಪತ್ರಕರ್ತರ ಹತ್ಯಾರಿಗೆ ಬೆಲೆಯಿಲ್ಲ, ಮಾವನ ಗ್ರೈಂಡರಿಗೆ ಬೆಲೆಯುಂಟು. ದಿಲ್ಲಿಯಲ್ಲಿ ಕುಳಿತು ಕಾನೂನು ಬರೆದವರು ಮರಳಿ ಬರುವವನ ಕೈಯನ್ನು ಒಮ್ಮೆಯಾದರೂ ನೋಡಿದ್ದರು ಎನ್ನಬೇಕು.

ಮಾವನಿಗೆ ಹತ್ಯಾರಿನ ಮೇಲೆ ಅಷ್ಟು ಮಮತೆ ಬರಲು ಕಾರಣ ಇನ್ನೊಂದು ದೇಶದಲ್ಲಿದೆ. ಶಾರ್ಜಾಕ್ಕೆ ಮೊದಲು ಅವರು ಕುವೈತಿನಲ್ಲಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿದ್ದ ಭಾರತೀಯರು ಸಿಕ್ಕಿದ ಬಸ್ಸು, ಲಾರಿಗಳಲ್ಲಿ ಬಸ್ರಾ, ಬಾಗ್ದಾದ್ ದಾರಿಯಾಗಿ ಮರುಭೂಮಿ ದಾಟಿ ಜೋರ್ಡನ್ನಿನ ಅಮ್ಮಾನ್ ಸೇರಿದರು. ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಹಾರಾಟಗಳನ್ನು ನಡೆಸಿ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದಿತು. ಜನರನ್ನು ಕರೆತಂದಿತು, ಸಾಮಾನನ್ನಲ್ಲ. ವರ್ಷಗಟ್ಟಲೆ ದುಡಿದು ಕೂಡಿಸಿದ್ದೆಲ್ಲ ಬೀಗ ಹಾಕಿದ, ಕೆಲವೆಡೆ ಬೀಗವನ್ನೂ ಹಾಕದ ಕೋಣೆಗಳಲ್ಲಿ ಉಳಿಯಿತು. ಮಾವ ಬೈಕಂಪಾಡಿಗೆ ಬಂದಾಗ ಕೈಯಲ್ಲಿದ್ದುದು ಒಂದು ಬಟ್ಟೆಯ ಚೀಲ. ಹತ್ಯಾರಿನ ಪೆಟ್ಟಿಗೆ ಅಲ್ಲೇ ಉಳಿದಿತ್ತು. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕೇಳಲು ಹೋದರೆ ಇನ್ನೊಬ್ಬರ ಹತ್ಯಾರು ಹಿಡಿದು ದುಡಿಯುವ ಕೂಲಿ ಮಾತ್ರ ಸಿಕ್ಕಿತು. ಎರಡು ವರ್ಷ ಹಾಗೆ ದುಡಿದು ಮತ್ತೆ ಶಾರ್ಜಾಕ್ಕೆ ಹೋದರು ಎಂದು ಅಮ್ಮ ಹೇಳುತ್ತಾರೆ.

ಬಿಟ್ಟು ಬಂದ ಸಾಮಾನಿಗೆ ಜಗತ್ತು ಬೆಲೆ ಕಟ್ಟಿದ ಅಪರೂಪದ ಪ್ರಸಂಗವೂ ಅದೇ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1991ರಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿ, ಇರಾಕಿನ ತೈಲದ ಹಣದ ಒಂದು ಪಾಲನ್ನು ಅದಕ್ಕೆ ಒದಗಿಸಿತು. ಆಕ್ರಮಣದ ಅವಧಿಯಲ್ಲಿ ಕುವೈತ್ ಅಥವಾ ಇರಾಕ್ ಬಿಟ್ಟು ಹೊರಡಬೇಕಾಗಿ ಬಂದವರದು 'ಎ' ವರ್ಗ. ಒಬ್ಬನಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ಯಾವ ವರ್ಗದಲ್ಲೂ ಕೇಳುವುದಿಲ್ಲ ಎಂದು ಒಪ್ಪಿದವರಿಗೆ 4,000 ಮತ್ತು 8,000. ಸೊತ್ತು ಕಳೆದುಕೊಂಡದ್ದನ್ನು ಪ್ರತ್ಯೇಕವಾಗಿ ಕೇಳುವವರಿಗೆ ಒಂದು ಲಕ್ಷ ಡಾಲರಿನವರೆಗಿನ 'ಸಿ' ವರ್ಗವಿತ್ತು. ಆದರೆ ಅಲ್ಲಿ ಏನೇನಿತ್ತು ಎಂದು ತೋರಿಸಬೇಕು. ಬಟ್ಟೆಯ ಚೀಲ ಹಿಡಿದು ಮರುಭೂಮಿ ದಾಟಿದವನ ಬಳಿ ಗ್ರೈಂಡರಿನ ರಸೀದಿ ಎಲ್ಲಿಂದ ಬರಬೇಕು? ಬೆನ್ ಯಿಜುವಿನಂತೆ ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದರೂ ಆಗುತ್ತಿತ್ತೋ ಏನೋ. ಆ ಆಯೋಗ ಕುವೈತಿಗೆ ಕೊನೆಯ ಕಂತು ಪಾವತಿಸಿ ಮುಗಿಸಿದ್ದು 2022ರ ಜನವರಿಯಲ್ಲಿ. ಒಟ್ಟು ಕೊಟ್ಟದ್ದು 5,240 ಕೋಟಿ ಡಾಲರ್.

ಹೀಗಿರುವಾಗ 1999ರಲ್ಲಿ ಮಾವ ಪೆಟ್ಟಿಗೆಗೆ ಮೊದಲು ಇಟ್ಟದ್ದು ಹತ್ಯಾರು ಎಂಬುದರಲ್ಲಿ ಆಶ್ಚರ್ಯವಿಲ್ಲ. ಗ್ರೈಂಡರ್, ಗ್ಯಾಸ್ ಕಟ್ಟಿಂಗಿನ ಟಾರ್ಚು, ಗೇಜುಗಳು. ಸಂದುಗಳಿಗೆ ಬಟ್ಟೆ, ಮೇಲೆ ಕಂಬಳಿ, ನಡುವೆ ಹಾಲಿನ ಪುಡಿಯ ಡಬ್ಬಿಗಳು. ಹಡಗಿನ ಬಾಡಿಗೆ ಅಗ್ಗವಾಗಿಯೇ ಇತ್ತು. ದುಬಾರಿಯಾದದ್ದು ಆಮೇಲೆ. ಪೆಟ್ಟಿಗೆ ಬಂದಿದೆ ಎಂಬ ಕಾಗದ ಕೈಸೇರುವಾಗ ದಿನಗಳು ಕಳೆದಿದ್ದವು. ಪಾಸ್‌ಪೋರ್ಟ್ ಹಿಡಿದು ತಾನೇ ಮುಂಬಯಿಗೆ ಹೋಗಬೇಕಾಯಿತು. ಹೋಗಿ ಬರುವ ಖರ್ಚು, ನಾಲ್ಕು ದಿನ ಉಳಿದದ್ದು, ಗೋದಾಮಿನಲ್ಲಿ ಬಿದ್ದ ದಿನಗಳ ಬಾಡಿಗೆ, ಕಾಗದ ಓಡಿಸಿದವನಿಗೆ ಕೊಟ್ಟದ್ದು, ಊರಿಗೆ ಲಾರಿ ಬಾಡಿಗೆ ಎಲ್ಲ ಸೇರಿ ಸಮುದ್ರದ ಬಾಡಿಗೆಯ ದುಪ್ಪಟ್ಟಾಯಿತಂತೆ. ಅಗ್ಗ ಎಂದು ಅಲ್ಲಿ ಹೇಳುವ ದರ ಈಚೆ ದಡ ಮುಟ್ಟುವವರೆಗಿನದು. ಇಳಿದ ಮೇಲಿನ ಲೆಕ್ಕವನ್ನು ಹೊರಡುವ ಮುಂಚೆಯೇ ಬರೆಸಿಕೊಳ್ಳದವನಿಗೆ ಈ ಪಾಡು ಇಂದಿಗೂ ತಪ್ಪಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಜಾಣರಾಗಿದ್ದರು. ಹಲಗೆಯ ಬದಲು ಪ್ಲೈವುಡ್ ಬಳಸಿದ್ದರು. ಹಸಿ ಮರದೊಳಗಿನ ಹುಳ ದೇಶದಿಂದ ದೇಶಕ್ಕೆ ಹರಡಬಾರದೆಂದು ಮುಂದೆ ಬಂದ ಅಂತರರಾಷ್ಟ್ರೀಯ ನಿಯಮದಂತೆ ಮರದ ಪೆಟ್ಟಿಗೆಯನ್ನು ಕಾಯಿಸಿ ಅಥವಾ ಹೊಗೆ ಹಾಕಿ ಮುದ್ರೆ ಒತ್ತಿಸಬೇಕು. ಪ್ಲೈವುಡ್ಡಿಗೆ ಅದರಿಂದ ವಿನಾಯಿತಿ ಇದೆ. ಅವರು ಅದನ್ನು ಆರಿಸಿದ್ದು ಹಗುರವೆಂಬ ಕಾರಣಕ್ಕೆ ಅಷ್ಟೇ.

2020ರಲ್ಲಿ ಮತ್ತೊಮ್ಮೆ ಜನ ಅವಸರದಲ್ಲಿ ಹೊರಟರು. ಕೊರೋನಾ ಕಾಲದ ಮೊದಲ ವಿಮಾನ ದುಬೈಯಿಂದ ಬಜಪೆಗೆ ಬಂದದ್ದು ಮೇ 12ರಂದು. ಕೆಲಸ ಕಳೆದುಕೊಂಡು ಬಂದವರು ವಿಮಾನದಲ್ಲಿ ಬಿಟ್ಟಷ್ಟು ತಂದರು, ಉಳಿದದ್ದನ್ನು ಗೆಳೆಯರ ಕೋಣೆಯಲ್ಲಿಟ್ಟು, ಆಮೇಲೆ ಕಾರ್ಗೊದಲ್ಲಿ ತರಿಸಿಕೊಂಡರು. ಎಲ್ಲರ ಗೆಳೆಯರೂ ಅಲ್ಲೇ ಉಳಿದಿರಲಿಲ್ಲ ಎಂಬುದು ಬೇರೆ ಮಾತು.

ಸಮುದ್ರದ ಅಪಾಯವೂ ದಾರಾ ಜೊತೆಗೆ ಮುಗಿದುಹೋಗಲಿಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೈನರುಗಳೊಂದಿಗೆ ಕೊಚ್ಚಿಯಾಚೆ ಮುಳುಗಿತು. ಎರಡು ವಾರ ಕಳೆದಿತ್ತಷ್ಟೇ, ಜೂನ್ 9ರಂದು ವಾನ್ ಹೈ 503 ಕೇರಳದಾಚೆ ಹೊತ್ತಿ ಉರಿಯಿತು. ಅದರ 22 ಸಿಬ್ಬಂದಿಯಲ್ಲಿ ಬದುಕಿ ಬಂದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಕರೆತಂದದ್ದು ಇದೇ ಪಣಂಬೂರಿಗೆ. ಹಡಗು ಅಪಾಯಕ್ಕೆ ಸಿಲುಕಿದಾಗ ಅದನ್ನು ಉಳಿಸಲು ಮಾಡಿದ ತ್ಯಾಗ, ಖರ್ಚುಗಳನ್ನು ಹಡಗಿನಲ್ಲಿ ಸರಕಿಟ್ಟ ಪ್ರತಿಯೊಬ್ಬನೂ ತನ್ನ ಸರಕಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕೆಂಬ ಬಹಳ ಹಳೆಯ ಕಡಲ ಕಾನೂನೊಂದು ಈಗಲೂ ಜಾರಿಯಲ್ಲಿದೆ. ಒಂದು ಪೆಟ್ಟಿಗೆ ಪಾತ್ರೆ ಕಳಿಸಿದವನೂ ಇದಕ್ಕೆ ಹೊರತಲ್ಲ. ವಿಮೆ ಇದ್ದರೆ ಆ ಪಾಲನ್ನು ವಿಮೆಯವರು ಕೊಡುತ್ತಾರೆ. ಬಾಡಿಗೆ ಉಳಿಸುವ ಆತುರದಲ್ಲಿ ಜನ ಮೊದಲು ಕೈಬಿಡುವುದು ವಿಮೆಯನ್ನೇ.

ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಅಟ್ಟದ ಪೆಟ್ಟಿಗೆಯಲ್ಲಿ ಈಗ ಹಳೆಯ ಬಲೆ, ಮದುವೆಯ ಕಾಲದ ಪಾತ್ರೆಗಳಿವೆ. ಕಂಬಳಿಯನ್ನು ಚಳಿಯಿಲ್ಲದ ನಮ್ಮೂರಿನಲ್ಲಿ ಯಾರೂ ಹೊದ್ದದ್ದಿಲ್ಲ, ಮಡಿಚಿದ್ದು ಮಡಿಚಿದಂತೆಯೇ ಇದೆ. ಗ್ರೈಂಡರ್ ಮಾತ್ರ ಮನೆಯಲ್ಲಿಲ್ಲ. ಹೆದ್ದಾರಿಯಾಚೆ, ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡೊಂದರಲ್ಲಿ ಅವರ ಮಗ ಅದರಲ್ಲಿ ಲಾರಿಗಳ ಗೇಟು ಉಜ್ಜುತ್ತಾನೆ. ಎರಡು ಸಲ ಕಾರ್ಬನ್ ಬದಲಾಯಿಸಿದ್ದಾನಂತೆ, ಮೋಟಾರು ಹಳೆಯದೇ.